ಕೈ ಹಚ್ಚಿದವರು

ಬಸ್ಸು ಕಮತಗಿ ದಾಟುವವರೆಗೆ ಪಾಂಡಪ್ಪ ಕಣ್ಣು ಮುಚ್ಚಿಕೊಂಡೇ ಕೂತಿದ್ದ. ನಿದ್ದೆ ಬಂದಿರಲಿಲ್ಲ. ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗುವಾಗೆಲ್ಲ ಅವನು ಹೀಗೇ ಮಾಡುತ್ತಿದ್ದ. ಶಿರೂರಿನಲ್ಲಿ ಒಂದಿಷ್ಟು ಮಂದಿ ಹತ್ತಿದ ಮೇಲೆ ತಲೆಯನ್ನು ಕಿಟಕಿಯ ಸರಳಿಗೆ ಆನಿಸಿ, ಬಾಯಿ ಚೂರು ತೆರೆದು, ಖರೆ ಮಲಗಿದವನ ಹಾಗೆ ಇರುತ್ತಿದ್ದ. ಕಮತಗಿಯ ಸ್ಟ್ಯಾಂಡಿನಲ್ಲಿ ಯಾರಾದರೂ 'ಏ, ಶಾರವ್ವನ ಸಣ್ಣ ಮಗ ಅಲ್ಲೇನಲೇ ನೀ' ಎಂದರೆ ಇಳಿಯಬೇಕಾಗುತ್ತದೆ, ಅಣ್ಣನ ಮನೆಗೆ ಹೋಗಬೇಕಾಗುತ್ತದೆ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಣ್ಣ ಲಾಳಿ ನಿಲ್ಲಿಸದೆಯೇ 'ಎಂಜಿನಿಯರ್ ಸಾಹೇಬ್ರು ಬಂದಾರ, ಚಾ ಇಡು' ಎನ್ನುತ್ತಾನೆ. ಆ ಮಾತಿನಲ್ಲಿ ಹೊಟ್ಟೆಕಿಚ್ಚಿಲ್ಲ, ಸಿಟ್ಟೂ ಇಲ್ಲ. ಹೊರಗಿನವರನ್ನು ಚಾಪೆಯ ಮೇಲೆ ಕೂರಿಸುವ ಮರ್ಯಾದೆ ಅಷ್ಟೇ. ಮನೆಯವರೇ ಕೊಡುವ ಮರ್ಯಾದೆ ಬೈಗುಳಕ್ಕಿಂತ ಭಾರ, ಅದನ್ನು ಉಂಡವನಿಗೇ ಗೊತ್ತು. ಅವನು ಎಂಜಿನಿಯರ್ ಕೂಡ ಅಲ್ಲ. ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯ ಒಂದು ಕಂಪನಿಯ ಹೆಸರಿನಲ್ಲಿ ಊರೂರು ತಿರುಗಿ ಸಂಘ-ಸಂಸ್ಥೆಗಳ ಕಂಪ್ಯೂಟರುಗಳ ನಡುವಿನ ತಂತಿ ರಿಪೇರಿ ಮಾಡುವವನು. ವರ್ಷಕ್ಕೊಮ್ಮೆ ಹೊಸ ಕರಾರು, ಪ್ರತಿ ಕರಾರಿಗೂ ಹೊಸ ಅಂಜಿಕೆ. ನಲವತ್ತಕ್ಕೆ ಒಂದು ಕಡಿಮೆ ವಯಸ್ಸು. ನವನಗರದ ಬಾಡಿಗೆ ಮನೆಯಲ್ಲಿ ಒಬ್ಬನೇ. ಮೊದಲು ಹಳೆಯ ಊರಿನ ಕಿಲ್ಲಾದ ಓಣಿಯಲ್ಲಿದ್ದಾಗ ಗೋಡೆಯ ಆಚೆ ಕೆಮ್ಮಿದರೆ ಈಚೆ 'ನೀರು ಕುಡೀಪಾ' ಎನ್ನುವವರಿದ್ದರು. ಅಣೆಕಟ್ಟಿನ ಹಿನ್ನೀರು ಬಂದು ಓಣಿ ಮುಳುಗಿ ಹೋಯಿತು, ಆ ಮಂದಿಯೆಲ್ಲ ಸೆಕ್ಟರಿಗೆ ಒಬ್ಬರಂತೆ ಹಂಚಿಹೋದರು. ಈಗ ಪಕ್ಕದ ಮನೆಯವರ ಸ್ಕೂಟರಿನ ನಂಬರು ಗೊತ್ತು, ಹೆಸರು ಗೊತ್ತಿಲ್ಲ.

ಇವತ್ತು ಕಣ್ಣು ಮುಚ್ಚಿದಾಗ ಅಣ್ಣನ ಮುಖ ಬರಲಿಲ್ಲ. ನಿನ್ನೆ ಕಂಪನಿಯಿಂದ ಫೋನು ಮಾಡಿದವನ ಮಾತೇ ಮತ್ತೆ ಮತ್ತೆ ಬಂತು. 'ಇಳಕಲ್ಲ ನೇಕಾರರ ಸಂಘದಾಗ ಮತ್ತ ಲಿಂಕ್ ಹೋಗೈತಂತ. ಹೋದ ಸಲ ನೀವ ಬರದೀರಲ್ಲ, ಅಲ್ಲಿ ಮಂದಿ ಕೈ ಹಚ್ಚ್ಯಾರ ಅಂತ? ಈ ಸಲ ಹಂಗ ಬರೀಬ್ಯಾಡ್ರಿ. ಆ ಹೆಣ್ಣಮಗಳನ್ನ ಆವಾಗ ತಗದಾರಂತ.' ಪಾಂಡಪ್ಪ 'ಹೌದೇನ್ರಿ' ಎಂದಷ್ಟೇ ಹೇಳಿ ಫೋನಿಟ್ಟಿದ್ದ. ಆ ಹೆಣ್ಣಮಗಳು. ಹೆಸರು ಜೋಹರಾ. ಸಂಘದ ನೂಲಿನ ಗೋದಾಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಾವ ನೇಕಾರನಿಗೆ ಯಾವ ಬಣ್ಣದ ನೂಲು ಎಷ್ಟು ಲಡಿ ಎಂದು ನೋಂದಿಸುತ್ತಿದ್ದವಳು. ದೀಪಾವಳಿಯ ಮುಂದೆ ಅವನು ಹೋಗಿದ್ದಾಗ ಸ್ಟೂಲು ತಂದು ಹಾಕಿ, ಫ್ಯಾನು ಅವನ ಕಡೆ ತಿರುಗಿಸಿದ್ದಳು. ಅಂದು ಕೊನೆಯ ಬಸ್ಸು ತಪ್ಪುತ್ತದೆಂದು ಅವಸರದಲ್ಲಿ ಫಾರ್ಮು ತುಂಬಿದ್ದ. 'ದೋಷದ ಕಾರಣ' ಎಂಬುದರ ಕೆಳಗೆ ನಾಲ್ಕು ಚೌಕಗಳಿದ್ದವು: ಉಪಕರಣ, ಕೇಬಲ್, ವಿದ್ಯುತ್, ಸ್ಥಳೀಯ ಸಿಬ್ಬಂದಿ. ತುದಿ ಕಿತ್ತು ಒರೆಸಿ ಹಾಕಿದ್ದೇ ಲಿಂಕು ಬಂದಿತ್ತು. ಹಾಗಾದರೆ ಸಡಿಲಾಗಿತ್ತು, ಸಡಿಲಾಗಿದ್ದರೆ ಯಾರೋ ಕೈ ಹಚ್ಚಿರಬೇಕು. ನಾಲ್ಕನೆಯ ಚೌಕದಲ್ಲಿ ಗೆರೆ ಎಳೆದಿದ್ದ. ನೂರು ಕಡೆ ಎಳೆದಿದ್ದ ಗೆರೆ ಅದು. ಮಷೀನಿಗೆ ಬಾಯಿಲ್ಲ, ಸಿಬ್ಬಂದಿ ಫಾರ್ಮು ಓದುವುದಿಲ್ಲ, ಹೀಗಾಗಿ ಆ ಚೌಕ ಎಲ್ಲಕ್ಕಿಂತ ಸಲೀಸು. ಅಮೀನಗಡದಲ್ಲಿ ಕರದಂಟಿನ ಪೊಟ್ಟಣ ಹಿಡಿದವನು ಕಿಟಕಿಯ ಕೆಳಗೆ ಕೂಗುತ್ತಿದ್ದ. ಪಾಂಡಪ್ಪ ಅವನನ್ನೇ ನೋಡಿದ, ಏನೂ ಕೊಳ್ಳಲಿಲ್ಲ. ಕೊಂಡರೂ ಯಾರಿಗೆ?

ಸಂಘದ ಆಫೀಸು ಬಜಾರದ ಕಡೆ, ಗೋದಾಮು ಹಿಂದಿನ ಓಣಿಗಳನ್ನು ದಾಟಿ ಫರ್ಲಾಂಗಿನ ಮೇಲೆ. ನಡುವೆ ಕಂಬದಿಂದ ಕಂಬಕ್ಕೆ ಕಪ್ಪು ಕೇಬಲ್ಲು, ಅದರೊಳಗೆ ಕೂದಲೆಳೆಯಂಥ ಗಾಜಿನ ಎಳೆಗಳು. ಒಂದರಲ್ಲಿ ಬೆಳಕು ಹೋಗುತ್ತದೆ, ಇನ್ನೊಂದರಲ್ಲಿ ಬರುತ್ತದೆ. ಎರಡೂ ಕಡೆ ಒಂದೊಂದು ಸ್ವಿಚ್ಚು, ಸ್ವಿಚ್ಚಿನ ಬಾಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಮಾಡ್ಯೂಲು. ಕರೆಂಟಿನ ಮಾತನ್ನು ಬೆಳಕು ಮಾಡಿ ಕಳಿಸುವುದು, ಬಂದ ಬೆಳಕನ್ನು ಮತ್ತೆ ಕರೆಂಟು ಮಾಡುವುದು ಅದರ ಕೆಲಸ. ಒಂದೂವರೆ ವರ್ಷದ ಹಿಂದೆ ಇದನ್ನೆಲ್ಲ ಹಾಕಿದವನೂ ಪಾಂಡಪ್ಪನೇ. ಸೆಕ್ರೆಟರಿ ಅಮೀನಪ್ಪ ಚಾಳೀಸು ಹಣೆಗೇರಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. 'ಬರ್ರಿ ಎಂಜಿನಿಯರ್ರ. ನಿಮ್ಮ ಬೆಳಕು ಹನ್ನೊಂದಕ್ಕ ಹೋಗ್ತೈತಿ, ನಾಕಕ್ಕ ಬರ್ತೈತಿ. ನಮ್ಮ ಕರೆಂಟಿನವರಕಿಂತ ನೀವ ಶಿಸ್ತಿನವರು. ಅಲ್ಲಿ ನೂಲಿಗೆ ಮಂದಿ ಪಾಳಿ ಹಚ್ಚಿ ನಿಂತು ನಮ್ಮ ಹಿರಿಯರನ್ನೆಲ್ಲಾ ನೆನಸಾಕತ್ತಾರ.' ಪಾಂಡಪ್ಪ ನಕ್ಕ. ನಗುವುದೂ ಕೆಲಸದ ಭಾಗವೇ. ನಗುತ್ತಲೇ, ದನಿಯಲ್ಲಿ ಏನೂ ಇಲ್ಲದ ಹಾಗೆ ಕೇಳಿದ: 'ಗೋದಾಮಿನ್ಯಾಗ ಈಗ ಯಾರ ಕೂಡ್ತಾರ್ರಿ?' 'ಅಧ್ಯಕ್ಷರ ತಂಗಿ ಮಗ ಕೂಡ್ತಾನ. ಇವತ್ತ ರಜಾ ಐತಿ. ಸ್ವಿಚ್ಚಿನ ರೂಮಿಗೆ ಕೀಲಿ ಹಾಕಿಸಿವಿ, ನಿಮ್ಮ ರಿಪೋರ್ಟ್ ಬಂದ ದಿನದಿಂದ ಯಾರೂ ಆ ಡಬ್ಬಿ ಮುಟ್ಟಿಲ್ಲ. ಕೀಲಿ ನನ್ನ ಕಿಸೆದಾಗ.' ಅಮೀನಪ್ಪ ಹೆಮ್ಮೆಯಿಂದ ಕಿಸೆ ತಟ್ಟಿ ತೋರಿಸಿದರು. ಯಾರೂ ಮುಟ್ಟಿಲ್ಲ. ಮತ್ತೆ ಕೆಟ್ಟಿದೆ.

ಗೋದಾಮಿನ ತಗಡಿನ ಮಾಡು ಏಪ್ರಿಲ್ಲಿನ ಬಿಸಿಲಿಗೆ ಟಣಟಣ ಎನ್ನುತ್ತಿತ್ತು. ಬಾಗಿಲ ಹೊರಗೆ ಪಾಳಿ ನಿಂತ ನೇಕಾರರು, ಅಮೀನಪ್ಪನವರ ಹಿಂದೆ ಬಂದ ಅವನ ಬ್ಯಾಗು ನೋಡಿ ದಾರಿ ಬಿಟ್ಟರು. ಒಬ್ಬ, 'ಡಾಕ್ಟರ್ ಬಂದ್ರಪಾ, ಪೇಶಂಟ್ ಉಳೀತೈತೋ ಇಲ್ಲೋ ನೋಡೂಣು' ಎಂದ. ಒಳಗೆ, ಬಣ್ಣದ ಮನೆಯಿಂದ ಬಂದ ಲಡಿಗಳನ್ನು ಆರಿಸಿ ಚೀಟಿ ಕಟ್ಟುತ್ತ ಐದಾರು ಹೆಂಗಸರು ನೆಲದ ಮೇಲೆ ಕೂತಿದ್ದರು. ಅವರ ನಡುವೆ ಜೋಹರಾ. ಅವಳನ್ನು ಕೆಲಸದಿಂದಲೇ ತೆಗೆದಿಲ್ಲ, ಕುರ್ಚಿಯಿಂದ ತೆಗೆದಿದ್ದಾರೆ. ಇದರಿಂದ ತನಗೆ ಸಮಾಧಾನವಾಗಬೇಕಿತ್ತು ಎಂದು ಅವನಿಗೆ ಅನಿಸಿತು. ಆದರೆ ಅವಳ ಎರಡೂ ಕೈ ಮೊಣಕೈವರೆಗೆ ದಾಳಿಂಬೆ ಕೆಂಪಾಗಿದ್ದವು, ಮೂಗಿನ ಮೇಲೆ ಹತ್ತಿಯ ಜುಂಜು ಕೂತಿತ್ತು, ಅವಳು ತಲೆಯೆತ್ತಿ ನೋಡಿ ಮತ್ತೆ ತಲೆ ಬಗ್ಗಿಸಿದಳು. ಗುರುತು ಸಿಗಲಿಲ್ಲವೇನೋ ಎಂದುಕೊಂಡ. ಗುರುತು ಸಿಗದಿರಲಿ ಎಂದೇ ಆಸೆಪಟ್ಟ. 'ಏ ಜೋಹರಾ,' ಎಂದರು ಅಮೀನಪ್ಪ, ಅವನ ಕೈಗೆ ಕೀಲಿ ಕೊಡುತ್ತ, 'ಸಾಹೇಬ್ರಿಗೆ ಬ್ಯಾಟರಿ ಹಿಡಿ ಬಾ. ಬರೇ ಬ್ಯಾಟರಿ ಹಿಡೀಬೇಕು, ಮತ್ತೇನೂ ಮುಟ್ಟಬ್ಯಾಡ.' ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಜೋಹರಾ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ಬಂದಳು.

ಚಿಕ್ಕ ಕೋಣೆ. ಸ್ವಿಚ್ಚಿನ ಮೇಲೆ ಎಲ್ಲ ದೀಪ ಹಸಿರು, ಗಾಜಿನ ಎಳೆಯದ್ದೊಂದು ಮಾತ್ರ ಸತ್ತಿತ್ತು. ಪಾಂಡಪ್ಪ ಕೆಲಸದೊಳಗೆ ಇಳಿದ, ಕೆಲಸದೊಳಗೆ ಇಳಿದಾಗ ಅವನು ಒಂಟಿಯಲ್ಲ. ಮೊದಲು ಮಾಡ್ಯೂಲು ಕಿತ್ತು ಬ್ಯಾಗಿನಲ್ಲಿದ್ದ ಹೊಸದನ್ನು ಹಾಕಿದ: ಇಲ್ಲ. ಎರಡು ಎಳೆಗಳನ್ನು ಅದಲು ಬದಲು ಮಾಡಿ ನೋಡಿದ: ಇಲ್ಲ. ಮೋಟು ಎಳೆಯೊಂದನ್ನು ಮಾಡ್ಯೂಲಿನ ಒಂದು ತೂತಿನಿಂದ ಇನ್ನೊಂದಕ್ಕೆ ಬಗ್ಗಿಸಿ ಹಾಕಿದ. ತನ್ನ ಮಾತು ತನಗೇ ಕೇಳಿಸುವ ಹಾಗೆ. ಕೂಡಲೇ ದೀಪ ಹಸಿರಾಯಿತು. ಅಂದರೆ ಮಾಡ್ಯೂಲಿಗೆ ಏನೂ ಆಗಿಲ್ಲ, ಸ್ವಿಚ್ಚಿಗೂ ಆಗಿಲ್ಲ. ಮೊಬೈಲಿನ ಕ್ಯಾಮೆರಾ ತೆರೆದ. ಈ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಕಣ್ಣಿಟ್ಟು ನೋಡಲೂಬಾರದು. ಕ್ಯಾಮೆರಾಕ್ಕೆ ಮಾತ್ರ ತಿಳಿನೇರಳೆ ಚುಕ್ಕೆಯಾಗಿ ಕಾಣುತ್ತದೆ. ಮಾಡ್ಯೂಲಿನ ಬಾಯಲ್ಲಿ ಚುಕ್ಕೆ ಧಗ್ಗೆಂದಿತು. ಆಫೀಸಿನಿಂದ ಬಂದ ಎಳೆಯ ತುದಿಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು. 'ಇದೇನ್ರಿ?' ಎಂದಳು ಜೋಹರಾ, ತಡೆಯಲಾರದೆ. 'ಬೆಳಕು. ಅಲ್ಲಿಂದ ಬರೂದ ಕಡಿಮಿ ಬರಾಕತ್ತೈತಿ. ಬಿಸಲ ಏರಿದ್ರ ಈ ಮಾಡ್ಯೂಲಿನ ಶಕ್ತಿ ಸ್ವಲ್ಪ ಇಳೀತೈತಿ. ಮುಂಜಾನಿ ಹೆಂಗೋ ನಡೀತೈತಿ, ಹನ್ನೊಂದರ ಮ್ಯಾಲ ದಮ್ಮ ಸಾಲಂಗಿಲ್ಲ.' ಇಷ್ಟು ಮಾತನ್ನು ಅವನು ಯಾರೊಂದಿಗೂ ಆಡಿ ಎಷ್ಟೋ ದಿನಗಳಾಗಿದ್ದವು. ಅವಳು ತಲೆಯಾಡಿಸಿದ ರೀತಿಯಲ್ಲಿ, ತಿಳಿಯಿತು ಎನ್ನುವುದು ತಿಳಿಯಿತು. ಈ ಕುರ್ಚಿಯಲ್ಲಿ ಕೂರಲು ಇವಳೇ ಸರಿ ಎಂದೂ ತಿಳಿಯಿತು. ಅದು ತಿಳಿಯದಿದ್ದರೆ ಚೆನ್ನಾಗಿತ್ತು.

ಹೋದ ತಿಂಗಳು ಕಂಪನಿಯವರು ಎಲ್ಲರಿಗೂ ದೂರ್ಬೀನಿನಂಥ ಒಂದು ಪುಟ್ಟ ಸೂಕ್ಷ್ಮದರ್ಶಕ ಕೊಟ್ಟಿದ್ದರು, ಎಳೆಯ ತುದಿಯನ್ನು ಇನ್ನೂರು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಅಲ್ಲಿಯವರೆಗೆ ತುದಿ ಚೊಕ್ಕ ಇದೆಯೆಂದು ನಂಬುವುದಷ್ಟೇ ಇತ್ತು. ಎಳೆಯ ಆಚೆ ತುದಿಯನ್ನು ಆಫೀಸಿನಲ್ಲಿ ಬಿಡಿಸಿಟ್ಟು ಬಂದು, ಈಚೆ ತುದಿಯನ್ನು ದೂರ್ಬೀನಿಗೆ ಸಿಕ್ಕಿಸಿ ಅವನು ಕಣ್ಣಿಟ್ಟ. ಹುಣ್ಣಿಮೆಯ ಚಂದ್ರನ ಹಾಗೆ ದುಂಡಗಿನ ಬಿಳುಪು ಕಾಣಬೇಕು, ನಡುವೆ ಒಂದು ಕರಿಚುಕ್ಕೆ. ಕಂಡದ್ದು ಬೇರೆ. ಹಾಲು ಚೆಲ್ಲಿ ಒಣಗಿದ ನೆಲದಲ್ಲಿ ಉಳಿಯುವಂಥ ಉಂಗುರದ ಮೇಲೆ ಉಂಗುರ, ಅದರಲ್ಲಿ ಸಿಕ್ಕಿಬಿದ್ದ ಒಂದು ಹತ್ತಿಯ ಜುಂಜು, ಹಗ್ಗದಷ್ಟು ದಪ್ಪ. ಗೋದಾಮಿನ ಧೂಳು ಎಂದುಕೊಂಡ. ಆದರೆ ಧೂಳು ಉಂಗುರ ಬರೆಯುವುದಿಲ್ಲ, ಹಸಿ ಬರೆಯುತ್ತದೆ. ಸ್ವಿಚ್ಚಿನ ಬಾಯೊಳಗೆ ಗಟ್ಟಿಯಾಗಿ ಸಿಕ್ಕಿಕೊಂಡ ತುದಿಗೆ ಹಸಿ ಎಲ್ಲಿಂದ? ಕೀಲಿ ಅಮೀನಪ್ಪನ ಕಿಸೆಯಲ್ಲಿ. ಒಳಗೆ ಹೋಗುವಾಗಲೇ ಹಸಿಯಿದ್ದಿರಬೇಕು. ಹಾಗೆ ಯೋಚಿಸುತ್ತಲೇ, ಆ ಯೋಚನೆಯ ಕೊನೆಗೆ ಮುಟ್ಟದೆಯೇ, ಅವನು ಎರಡನೆಯ ತುದಿಯನ್ನು ಎತ್ತಿಕೊಂಡ. ಬಲಗೈಯ ಹೆಬ್ಬೆರಳು ತೋರುಬೆರಳು ತಾವಾಗಿಯೇ ನಾಲಿಗೆಗೆ ಹೋಗಿ, ಹಸಿಯಾಗಿ ಬಂದು, ತುದಿಯನ್ನು ಮೆಲ್ಲಗೆ ಹೊಸೆದವು.

'ಅವತ್ತೂ ಹಿಂಗ ಮಾಡಿದ್ರಿ,' ಎಂದಳು ಜೋಹರಾ.

'ಏನು?'

'ನಾಲಿಗಿ ಹಸೀ ಹಚ್ಚಿ ತುದಿ ಹೊಸದ್ರಿ. ಹರದ ಎಳಿ ಕೂಡಸಿದಂಗ.'

ಪಾಂಡಪ್ಪ ತನ್ನ ಕೈಯನ್ನು ನೋಡಿದ. ಕೈ ಅವನದಾಗಿರಲಿಲ್ಲ, ಅವ್ವನದಾಗಿತ್ತು. ಹಾಸಿನ ಎಳೆ ಹರಿದಾಗ ಅವ್ವ ಮಗ್ಗ ನಿಲ್ಲಿಸಿ, ಬೆರಳನ್ನು ನಾಲಿಗೆಗೆ ತಾಗಿಸಿ, ಎರಡು ತುದಿಗಳನ್ನು ಒಂದು ಸಲ ಉಜ್ಜಿದರೆ ಗಂಟಿಲ್ಲದ ಗಂಟು ಬೀಳುತ್ತಿತ್ತು. ಐದು ವರ್ಷದವನಿದ್ದಾಗ ಅವನಿಗೆ ಕಲಿಸಿದ ಮೊದಲ ಕೆಲಸ ಅದೇ. ಉಗುಳು ಹಚ್ಚಿದ ಎಳೆ ಎಂದೂ ಬಿಟ್ಟುಹೋಗುವುದಿಲ್ಲ ಎನ್ನುತ್ತಿದ್ದಳು. ಡಿಪ್ಲೊಮಾ, ಬೂಟು, ಟೈ ಹಾಕಿಸಿ ಹುಬ್ಬಳ್ಳಿಯಲ್ಲಿ ಕೊಟ್ಟ ಮೂರು ದಿನದ ಟ್ರೇನಿಂಗು, ಎಲ್ಲ ಆಮೇಲೆ ಬಂದದ್ದು. ತುದಿಯನ್ನು ಬರಿಗೈಲಿ ಮುಟ್ಟಬಾರದು, ಊದಬಾರದು ಎಂದು ಪಾಠ ಮಾಡಿದಾಗ ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ನೋಟ್‌ಬುಕ್ಕು ಕೈಗೆ ಓದಿ ಹೇಳಿರಲಿಲ್ಲ. ಹಾಕುವಾಗ ಮಾಡಿದ್ದ, ದೀಪಾವಳಿಯ ಮುಂದೆ ಮಾಡಿದ್ದ, ಬಾದಾಮಿಯಲ್ಲಿ, ಹುನಗುಂದದಲ್ಲಿ, ಎಲ್ಲೆಲ್ಲಿ ಕೆಟ್ಟು ಎಲ್ಲೆಲ್ಲಿ ಅವನು ಆ ನಾಲ್ಕನೆಯ ಚೌಕದಲ್ಲಿ ಗೆರೆ ಎಳೆದಿದ್ದನೋ ಅಲ್ಲೆಲ್ಲ ಮಾಡಿರಬೇಕು. ಒದ್ದೆಯಿದ್ದಾಗ ಹೇಗೋ ಬೆಳಕು ದಾಟುತ್ತದೆ, ಒಣಗಿದಂತೆ ಮಂಜಾಗುತ್ತದೆ.

'ಆವಾಗ್ಯಾಕ ಹೇಳಲಿಲ್ಲಬೇ?' ಎಂದ. ದನಿ ಜೋರಾಯಿತು.

'ಅದು ತಪ್ಪು ಅಂತ ನನಗೇನ ಗೊತ್ತು? ನೋಡಿ ನನಗ ಖುಷಿ ಆತು. ನಮ್ಮಪ್ಪಾನೂ ಮಗ್ಗದಾಗ ಹಂಗ ಮಾಡ್ತಿದ್ದ. ಬೂಟ ಹಾಕ್ಯಾರ ಖರೆ, ಇವರು ನಮ್ಮ ಮಂದಿ ಅಂತ ತಿಳಕೊಂಡ್ನಿ. ಅದಕ್ಕ ನಿಮ್ಮ ಕಡಿ ಫ್ಯಾನ್ ತಿರುವಿದ್ನಿ.' ಅವಳು ಬ್ಯಾಟರಿಯನ್ನು ಆರಿಸಿದಳು. 'ಹದಿನೈದು ದಿನಕ್ಕ ನಿಮ್ಮ ಕಾಗದ ಬಂತು.'

ಅವನು ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಸ್ಪಿರಿಟ್ಟಿನಲ್ಲಿ ಅದ್ದಿದ ಜುಂಜು ಬಿಡದ ಬಟ್ಟೆಯಿಂದ ಎರಡೂ ತುದಿ ಒರೆಸಿದ, ದೂರ್ಬೀನಿನಲ್ಲಿ ನೋಡಿದ, ಮತ್ತೆ ಒರೆಸಿದ. ಆಫೀಸಿಗೆ ಹೋಗಿ ಅಲ್ಲಿಯ ತುದಿಗಳನ್ನೂ ಒರೆಸಿ ಸಿಕ್ಕಿಸಿದ. ಗೋದಾಮಿಗೆ ತಿರುಗಿ ಬರುವಾಗ ಹೊರಗೆ ಪಾಳಿಯಲ್ಲಿದ್ದವರು 'ಬಂತು, ಬಂತು' ಎನ್ನುತ್ತಿದ್ದರು. ಬಿಸಿಲು ನೆತ್ತಿಯ ಮೇಲಿದ್ದರೂ ದೀಪ ಹಸಿರಾಗಿ ನಿಂತಿತ್ತು. ಬ್ಯಾಗನ್ನು ಅಲ್ಲೇ ಬಿಟ್ಟು ಅವನು ಆಫೀಸಿಗೆ ಹೋಗಿ ಅಮೀನಪ್ಪನವರ ಮುಂದೆ ಕೂತ. ಮನಸ್ಸಿನಲ್ಲಿ ಒಂದು ವಾಕ್ಯ ತಯಾರಿತ್ತು, ಆದರೆ ಅಮೀನಪ್ಪ ಚಾ ತರಿಸಿದ್ದರು, ಚಾದ ಜೊತೆ ಬಿಸ್ಕೀಟೂ ಇತ್ತು. 'ಏನಾಗಿತ್ತಂತ್ರಿ?' 'ತುದಿ ಹೊಲಸಾಗಿತ್ರಿ. ಸಾಹೇಬ್ರ, ಹೋದ ಸಲದ್ದೂ ಅದ. ಜೋಹರಾ ಅವರದೇನೂ ಇರಲಿಲ್ಲ.' ಅಮೀನಪ್ಪ ಚಾಳೀಸು ಇಳಿಸಿ ಅವನನ್ನು ದಿಟ್ಟಿಸಿದರು. ಕೆಟ್ಟ ಮನುಷ್ಯರಲ್ಲ; ಊರು ನಡೆಸಿ ಗೊತ್ತಿದ್ದವರು. 'ನೋಡ್ರಿ ತಮ್ಮಾ. ಆ ಕುರ್ಚಿದಾಗ ಈಗ ಅಧ್ಯಕ್ಷರ ಮನ್ಯಾಂವ ಕುಂತಾನ. ಅಂವನ್ನ ಎಬ್ಬಸಾಕ ನನ್ನಿಂದ ಆಗೂದಿಲ್ಲ, ನಿಮ್ಮಿಂದಾನೂ ಆಗೂದಿಲ್ಲ. ಸುಮ್ನ ಮಾಡ್ಯೂಲ್ ಸುಟ್ಟಿತ್ತು, ಬದಲಿ ಮಾಡಿನಿ ಅಂತ ಬರೀರಿ. ಮಷೀನಿನ ಮ್ಯಾಲ ಹಾಕಿದ್ರ ಅದೇನ ಅಳತೈತೇನು? ತಪ್ಪು ಒಪ್ಪಕೊಂಡ ಮನಷ್ಯಾನ್ನ ಮಂದಿ ಹೊಗಳತಾರ, ಆದ್ರ ಮತ್ತೊಮ್ಮೆ ಕೆಲಸಕ್ಕ ಕರಿಯಂಗಿಲ್ಲ.' ಮುಂದಿನ ತಿಂಗಳು ಕರಾರು ಮುಗಿಯುತ್ತಿತ್ತು. ಪಾಂಡಪ್ಪ ಮೊದಲನೆಯ ಚೌಕದಲ್ಲಿ ಗೆರೆ ಎಳೆದ. ಅಮೀನಪ್ಪ ಸಹಿ ಹಾಕಿ ಸಿಕ್ಕಾ ಒತ್ತಿದರು. ಎಷ್ಟು ಹಗುರಾಗಬೇಕಿತ್ತೋ ಅಷ್ಟು ಹಗುರಾಗಲಿಲ್ಲ.

ಬ್ಯಾಗು ತರಲು ಗೋದಾಮಿಗೆ ಬಂದಾಗ ಜೋಹರಾ ಮತ್ತೆ ಲಡಿಗಳ ನಡುವೆ ಕೂತಿದ್ದಳು. ಅವನು ಬಗ್ಗಿ ಬ್ಯಾಗಿನ ಚೈನು ಹಾಕುತ್ತಿದ್ದಾಗ, ಕೆಲಸದಿಂದ ಕಣ್ಣೆತ್ತದೆಯೇ ಕೇಳಿದಳು.

'ಏನ ಬರದ್ರಿ?'

'ಮಾಡ್ಯೂಲ್ ಸುಟ್ಟಿತ್ತು ಅಂತ.'

'ಈ ಸಲದ್ದು?'

'ಹೌದು. ನಿಮ್ಮ ಹೆಸರಿಲ್ಲ ಅದರಾಗ. ಯಾರ ಹೆಸರೂ ಇಲ್ಲ.'

'ಹಂಗಂದ್ರ,' ಎಂದಳು ಅವಳು, ಒಂದು ಚೀಟಿ ಕಟ್ಟಿ ಮುಗಿಸಿ, 'ಹೋದ ಸಲ ನಾ ಕೈ ಹಚ್ಚಿದ್ದು ಹಂಗ ಉಳೀತು.'

ಸಿಟ್ಟಿನಿಂದಲ್ಲ, ಲಡಿ ಎಷ್ಟು ಉಳಿಯಿತು ಎಂದು ಹೇಳುವವಳ ಹಾಗೆ ಹೇಳಿದಳು. ಪಕ್ಕದಲ್ಲಿದ್ದ ಮುದುಕಿ ಬಾಳವ್ವ ತಂಬಾಕಿನ ಬಾಯಿ ತೆರೆದು, 'ಆರು ತಿಂಗಳಾತು ಸಾಹೇಬ್ರ, ಈಕಿ ಚಾದ ಕಪ್ಪ ಎತ್ತಿದ್ರೂ ನಾವು ಏ ಮುಟ್ಟಬ್ಯಾಡ, ಬೆಳಕ ಹೋಗ್ತೈತಿ ಅಂತೇವಿ. ಚ್ಯಾಷ್ಟಿಗೆ ಅಂತೇವಿ, ಮತ್ತೇನಿಲ್ಲ' ಎಂದಳು. ಹೆಂಗಸರು ನಕ್ಕರು. ಜೋಹರಾಳೂ ನಕ್ಕಳು. ಹೊರಗಿನವರ ನಗೆಗೆ ಬಾಗಿಲು ಹಾಕಿಕೊಳ್ಳಬಹುದು. ಜೊತೆಗೆ ಕೂತು ಉಣ್ಣುವವರ ನಗೆಯಲ್ಲಿ ತಾನೂ ನಗಬೇಕು. ಹಾಗೆ ನಗುವ ಮುಖವನ್ನು ಪಾಂಡಪ್ಪ ಬೆಳಿಗ್ಗೆ ಬೆಳಿಗ್ಗೆ ನವನಗರದ ಕನ್ನಡಿಯಲ್ಲಿ ನೋಡಿಕೊಂಡು ಹೊರಡುತ್ತಿದ್ದ. ಅವನು ಚೈನನ್ನು ಅರ್ಧಕ್ಕೆ ಬಿಟ್ಟು ನೆಲದ ಮೇಲೆ ಕೂತ, ಚಕ್ಕಳಮಕ್ಕಳ ಹಾಕಿ, ಪ್ಯಾಂಟಿಗೆ ಬಣ್ಣ ಹತ್ತುತ್ತದೆಂಬ ಎಚ್ಚರವಿಲ್ಲದೆ. ಫಾರ್ಮು ತೆಗೆದು ಎಳೆದ ಗೆರೆಯ ಮೇಲೆ ಅಡ್ಡ ಗೆರೆ ಹೊಡೆದ. ತನ್ನದನ್ನು ಹೇಳಲು ಐದನೆಯ ಚೌಕವಿರಲಿಲ್ಲ. ಕಾಗದ ತಿರುಗಿಸಿದ. ಇಂಗ್ಲಿಷಿನಲ್ಲಿ ಶುರು ಮಾಡಿದ. 'ಕನ್ನಡದಾಗ ಬರೀರಿ, ಇದು ಹುಬ್ಬಳ್ಳಿಗಲ್ಲ, ನನಗ' ಎಂದಳು ಜೋಹರಾ. ಕನ್ನಡದಲ್ಲಿ 'ನಾನು' ಎಂದು ಬರೆದು ಪೆನ್ನು ನಿಂತಿತು. ಹದಿನಾಲ್ಕು ವರ್ಷ ವರದಿ ಬರೆದವನು ಒಂದು ಸಲವೂ ಆ ಪದದಿಂದ ವಾಕ್ಯ ಹಿಡಿದಿರಲಿಲ್ಲ. 'ಪರಿಶೀಲಿಸಲಾಯಿತು', 'ಕಂಡುಬಂದಿತು', 'ಸರಿಪಡಿಸಲಾಯಿತು' ಎಂದೇ ಎಲ್ಲ ಮುಗಿದಿತ್ತು. ಬರೆದ. ನಾಲ್ಕು ಸಾಲಾಯಿತು. ಹೆಸರು, ತಾರೀಕು ಹಾಕಿ, ಅವಳ ಕಡೆ ಚಾಚಿದ.

ಅವಳು ತೆಗೆದುಕೊಳ್ಳಲಿಲ್ಲ. ಕೆಂಪು ಕೈಗಳನ್ನು ಎತ್ತಿ ತೋರಿಸಿದಳು. 'ಬಣ್ಣ ಹತ್ತತೈತಿ. ಸೆಕ್ರೆಟರಿ ಸಾಹೇಬ್ರ ಕಡಿ ಆಮ್ಯಾಲ ನಾನ ಒಯ್ತೇನಿ. ಕುರ್ಚಿ ಕೊಡಂಗಿಲ್ಲ ಅವರು, ಗೊತ್ತೈತಿ ನನಗ. ಮೊದಲ ಇವರಿಗೆ ಓದಿ ಹೇಳ್ರಿ. ಇವರ್ಯಾರೂ ಸಾಲಿಗೆ ಹೋದವರಲ್ಲ.'

'ನೀವ ಓದ್ರಲ್ಲ.'

'ನಾ ಓದಿದ್ರ ನನ್ನ ಮಾತ ಆಗ್ತೈತಿ.'

ಅವನು ಓದಿದ. 'ನಾನು, ಪಾಂಡಪ್ಪ, ಕಮತಗಿಯ ಶಾರವ್ವನ ಮಗ, ಗಾಜಿನ ಎಳೆಯ ತುದಿಗೆ ಉಗುಳು ಹಚ್ಚಿ ಒರೆಸಿದ್ದರಿಂದ ಲಿಂಕು ಕೆಟ್ಟಿತ್ತು. ಮೊದಲ ಸಲವೂ, ಈ ಸಲವೂ. ಜೋಹರಾ ಅವರು ಕೈ ಹಚ್ಚಿದ್ದಾರೆಂದು ನಾನು ಬರೆದದ್ದು ಸುಳ್ಳು. ಬಸ್ಸಿಗೆ ಹೊತ್ತಾಗಿತ್ತು, ನೋಡದೆ ಬರೆದೆ.' ಓಣಿಯ ಆಚೆ ಪವರ್‌ಲೂಮುಗಳು ದಡಬಡ ಎನ್ನುತ್ತಿದ್ದವು. ಅವನ ದನಿ ಮೊದಲೇ ಸಣ್ಣದು, ನಡುವೆ ಎಲ್ಲೋ ಇನ್ನೂ ಸಣ್ಣದಾಯಿತು. ಓದಿ ಮುಗಿಸಿ ತಲೆಯೆತ್ತಿದಾಗ ಹೆಂಗಸರು ಅವನನ್ನೇ ನೋಡುತ್ತಿದ್ದರು, ಕೈಗಳು ಲಡಿಗಳ ಮೇಲೆ ಹಾಗೇ ನಿಂತಿದ್ದವು.

ಬಾಳವ್ವ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು. 'ಆ ದಡಬಡದಾಗ ನನಗ ಏನೂ ಕೇಳಸಲಿಲ್ಲ ಯಪ್ಪಾ. ಯಾರು ಏನ ಮಾಡಿದ್ರಂತ?'

ಜೋಹರಾ ಎದ್ದುಹೋಗಿ ಗೋದಾಮಿನ ಬಾಗಿಲನ್ನು ಮುಂದಕ್ಕೆ ದೂಡಿದಳು. ಸದ್ದು ಅರ್ಧವಾಯಿತು, ಬೆಳಕೂ ಅರ್ಧವಾಯಿತು. ತಿರುಗಿ ಬಂದು ಬಾಳವ್ವನ ಪಕ್ಕದಲ್ಲಿ ಕೂತು, ಕೆಂಪು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಪಾಂಡಪ್ಪ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದ. ಗಂಟಲು ಸರಿಮಾಡಿಕೊಂಡು, ಈ ಸಲ ಜೋರಾಗಿ, ಮೊದಲಿನಿಂದ ಶುರು ಮಾಡಿದ.